ಹಾರ್ಮೆನ್ನನ ಬ್ಯಾಟರಿ ಸೈಕಲ್ಲು

ಹಾರ್ಮೆನ್ ಮಾಡಿದ ತಪ್ಪು ಇಷ್ಟೇ: ಬೆಳಿಗ್ಗೆ ಎಂಟೂವರೆಗೆ ಮನೆ ಮುಂದೆ ನಿಂತು, ಪಕ್ಕದ ಮನೆಯ ಬೆರೆಂಡನ ಕಿವಿಗೆ ಬೀಳುವ ಹಾಗೆ ಒಂದು ನಿಟ್ಟುಸಿರು ಬಿಟ್ಟ. ಬಿಡಲೇಬೇಕಿದ್ದರೆ ಒಳಗೆ ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಬಿಡಬಹುದಿತ್ತು. ಏಕೆಲ್‌ವೈಕ್‌ನ ಕಾಲುವೆ ಬೀದಿಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ ಅದು ಊರಿನ ಸೊತ್ತು. ಹತ್ತು ಜನ ಸೇರಿ ಅದಕ್ಕೊಂದು ಪರಿಹಾರ ಹುಡುಕಿಕೊಟ್ಟೇ ತೀರುತ್ತಾರೆ, ನೀವು ಬೇಡ ಅಂದರೂ ಬಿಡುವುದಿಲ್ಲ.

ಅವತ್ತು ರಾಜನ ಹುಟ್ಟುಹಬ್ಬ. ಬೀದಿಯ ಉದ್ದಕ್ಕೂ ಜನ ರಾಜಮನೆತನದ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು, ಮನೆ ಮುಂದೆ ಚಾಪೆ ಹಾಸಿ, ವರ್ಷವಿಡೀ ಅಟ್ಟದ ಮೇಲೆ ಕೊಳೆತ ಸಾಮಾನನ್ನೆಲ್ಲ ಮಾರಾಟಕ್ಕೆ ಹರಡಿಕೊಂಡಿದ್ದರು. ಬೆರೆಂಡ್ ಒಂದು ಕಿವಿ ಹೋದ ಟೀ ಕೆಟಲು, ಏಳು ಗಡಿಯಾರ, ಒಂದು ಹಿಮಜಾರುವ ಬೂಟು ಇಟ್ಟುಕೊಂಡು ರಾಜನಿಗಿಂತ ಗತ್ತಿನಲ್ಲಿ ಕೂತಿದ್ದ. ಅವನು ನಲವತ್ತು ವರ್ಷ ಹಾಲಿನ ಲಾರಿ ಓಡಿಸಿದವನು. ರಸ್ತೆಯ ಮೇಲೆ ಉರುಳುವ ಯಾವುದರ ಬಗ್ಗೆಯಾದರೂ ಸರಿ, ಕೇಳುವ ಮೊದಲೇ ಅಭಿಪ್ರಾಯ ಕೊಡುತ್ತಿದ್ದ.

"ಏನೋ ಹಾರ್ಮೆನ್, ಬೆಳಬೆಳಿಗ್ಗೆನೇ ಟೈರು ಪಂಕ್ಚರ್ ಆದ ಹಾಗೆ ಉಸಿರು ಬಿಡ್ತಿದೀಯ?"

"ಏನಿಲ್ಲ ಬಿಡು. ಇವತ್ತು ಸಂಜೆ ಆರು ಗಂಟೆಯೊಳಗೆ ಬ್ಯಾಟರಿ ಸೈಕಲ್ಲು ಆರಿಸಬೇಕಂತೆ. ರೀಕಿ ಗಡುವು ಕೊಟ್ಟಿದ್ದಾಳೆ."

ಹೀಗೆ ಅಂದ ತಕ್ಷಣ ಅವನಿಗೆ ತನ್ನ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಆದರೆ ಆಡಿದ ಮಾತು ಬೇಲಿ ದಾಟಿ ಆಗಿತ್ತು.

ಸಂಗತಿ ಇದು. ಹಾರ್ಮೆನ್ ಮೂವತ್ತೊಂದು ವರ್ಷ ಊರಿನ ಕಾಲುವೆಯ ಮೇಲಿನ ಸೇತುವೆಯನ್ನು ಎತ್ತುವ, ಇಳಿಸುವ ಕೆಲಸ ಮಾಡಿದವನು. ಕಳೆದ ವರ್ಷ ಸರ್ಕಾರದವರು ಅದನ್ನು ಎಲ್ಲೋ ದೂರದ ಪಟ್ಟಣದ ಕೋಣೆಯೊಂದರಿಂದ ಗುಂಡಿ ಒತ್ತಿ ಎತ್ತುವ ಹಾಗೆ ಮಾಡಿ, ಇವನ ಕೈಗೆ ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಇನ್ನು ಹೆಂಡತಿಯ ಜೊತೆ ನಾಲ್ಕು ಊರು ಸುತ್ತೋಣ, ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರು, ಹಿಂದೆ ಎರಡು ಪುಟ್ಟ ಚೀಲ, ಸಂಜೆಗೊಂದು ಹೋಟೆಲು ಎಂದು ಆಸೆಪಟ್ಟುಕೊಂಡಿದ್ದ. ಆದರೆ ರೀಕಿ ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಟರಿ ಸೈಕಲ್ಲು ತೆಗೆದುಕೊಂಡು ಬಿಟ್ಟಿದ್ದಳು. ಇವನದು ಅಪ್ಪ ಕೊಟ್ಟ ಕರಿಯ ಕಬ್ಬಿಣದ ಸೈಕಲ್ಲು. ಅವಳು ಕಾಲು ಆಡಿಸಿದರೆ ಸಾಕು, ಗಾಳಿಯಲ್ಲಿ ಬಿಟ್ಟ ಎಲೆಯ ಹಾಗೆ ಮುಂದೆ ಹೋಗುತ್ತಿದ್ದಳು. ಇವನು ಮಂಡಿ ಹಿಡಿದುಕೊಂಡು ತುಳಿಯುತ್ತಿದ್ದ.

ನಮ್ಮ ಸೈಕಲ್ಲು ದಾರಿಗಳಲ್ಲಿ ಕೂಡುದಾರಿಗೊಂದು ನಂಬರಿನ ಕಂಬ ಇರುತ್ತದಲ್ಲ, ರೀಕಿ ಪ್ರತಿ ಕಂಬದ ಹತ್ತಿರ ಇಳಿದು, ಸೇಬು ತಿನ್ನುತ್ತಾ ಇವನಿಗೆ ಕಾಯುತ್ತಿದ್ದಳು. ಇವನು ಏದುಸಿರು ಬಿಡುತ್ತಾ ಬಂದು ಸೇರುವ ಹೊತ್ತಿಗೆ ಅವಳ ಸೇಬೂ ಮುಗಿದಿರುತ್ತಿತ್ತು, ದಣಿವೂ ಆರಿರುತ್ತಿತ್ತು. "ಬಂದ್ಯಾ? ಸರಿ, ಹೊರಡೋಣ" ಎಂದು ಹತ್ತಿಬಿಡುತ್ತಿದ್ದಳು. ಕಾದವಳಿಗೆ ವಿಶ್ರಾಂತಿ, ದಣಿದವನಿಗೆ ಇಲ್ಲ. ಎರಡು ವರ್ಷದಲ್ಲಿ ಹಾರ್ಮೆನ್ ತುಳಿಯುವಾಗ ಹೆಂಡತಿಯ ಮುಖ ನೋಡಿದ್ದೇ ಇಲ್ಲ. ನೋಡಿದ್ದು ಅವಳ ನೀಲಿ ಮಳೆಯಂಗಿಯ ಬೆನ್ನು, ಅದೂ ಇನ್ನೂರು ಮೀಟರು ದೂರದಿಂದ. ಮನೆಯಲ್ಲಿ ಇಬ್ಬರೂ ಮಾತು ಕಡಿಮೆಯ ಜನ. ಮದುವೆಗೆ ಮೊದಲೂ ಆಮೇಲೂ ಅವರು ಮಾತಾಡಿದ್ದೆಲ್ಲ ಸೈಕಲ್ಲಿನ ಮೇಲೆ ಅಕ್ಕಪಕ್ಕ ತುಳಿಯುತ್ತಲೇ. ಅದು ನಿಂತುಹೋದದ್ದು ಅವನಿಗೆ ಮಂಡಿನೋವಿಗಿಂತ ಹೆಚ್ಚು ನೋಯುತ್ತಿತ್ತು. ಆದರೆ ಏಕೆಲ್‌ವೈಕ್‌ನ ಗಂಡಸು ಇಂಥದನ್ನೆಲ್ಲ ಬಾಯಿಬಿಟ್ಟು ಹೇಳುವುದುಂಟೆ?

ಹೇಳುವ ಬದಲು ಅವನು ಒಂದು ನೋಟುಬುಕ್ಕು ತಂದ. ಎಂಟು ತಿಂಗಳಿನಿಂದ ಅದರಲ್ಲಿ ಬರೆದದ್ದೇ ಬರೆದದ್ದು: ಮೋಟರು ಮುಂದಿನ ಚಕ್ರಕ್ಕೋ, ನಡುವೆಯೋ, ಹಿಂದಕ್ಕೋ. ಬ್ಯಾಟರಿ ದೊಡ್ಡದಾದರೆ ಭಾರ, ಚಿಕ್ಕದಾದರೆ ನಡುದಾರಿಯಲ್ಲಿ ಕೈಕೊಡುವ ಭಯ. ಚೈನೋ, ಬೆಲ್ಟೋ. ಸೀಟು ಅಗಲವೋ, ಸಣ್ಣದೋ. ಮೀನ ಮೇಷ ಎಣಿಸುತ್ತಾ ಚಳಿಗಾಲ ಕಳೆಯಿತು.

ಅವತ್ತು ಬೆಳಿಗ್ಗೆ ರೀಕಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಅಂದಳು: "ನೋಡು ಹಾರ್ಮೆನ್, ಯೇಸುವಿನ ಸ್ವರ್ಗಾರೋಹಣದ ರಜೆಗೆ ನದಿ ದಂಡೆ ಸುತ್ತೋದು ಅಂತ ಆಗಿದೆ. ನಾಳೆ ಅಂಗಡೀಲಿ ಹೇಳಿದ್ರೆ ಮಾತ್ರ ಸೈಕಲ್ಲು ಅಷ್ಟರಲ್ಲಿ ಬರುತ್ತೆ. ಸಂಜೆ ಆರಕ್ಕೆ ಆಲೂಗಡ್ಡೆ ಟೇಬಲ್ ಮೇಲೆ ಬರೋ ಹೊತ್ತಿಗೆ ಒಂದು ಹೆಸರು ಹೇಳು. ಒಂದೇ ಒಂದು. ಇಲ್ದಿದ್ರೆ ನಾನು ಏನು ಮಾಡ್ಬೇಕೋ ಮಾಡ್ತೀನಿ."

"ಅಂದ್ರೆ?"

"ವಿಲ್ಲೆಮೀನ್ ಜೊತೆ ಹೋಗ್ತೀನಿ. ನೀನು ಬೆಕ್ಕಿನ ಜೊತೆ ಇರು."

ವಿಲ್ಲೆಮೀನ್ ಎಂದರೆ ರೀಕಿಯ ಅಕ್ಕ.

ಈಗ ಬೆರೆಂಡ್ ಗಡಿಯಾರಗಳನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತ. "ಬರೀ ಪುಸ್ತಕ ಓದಿ ಈಜು ಕಲಿಯೋಕಾಗುತ್ತಾ? ತಗೋ, ನನ್ನ ಸೈಕಲ್ಲು ತಗೊಂಡು ಹೋಗು. ದಂಡೆ ಮೇಲೆ ಒಂದು ಸುತ್ತು ಹಾಕು. ಮೋಟರು ನಡುವೆ ಇರ್ಬೇಕು. ಬಾಕಿಯೆಲ್ಲ ಮಕ್ಕಳ ಆಟ."

"ಬೇಡ ಬೆರೆಂಡ್, ನಾನೇ ನಿಧಾನಕ್ಕೆ..."

"ನಿಧಾನಕ್ಕೆ ಅಂತ ಎಂಟು ತಿಂಗಳಾಯ್ತು. ನಿನ್ನ ಹಳೇ ಗಾಡೀನ ಇಲ್ಲೇ ಒರಗಿಸು. ನಾನು ನೋಡ್ಕೋತೀನಿ."

ಹಾರ್ಮೆನ್ ತನ್ನ ಕರಿಯ ಸೈಕಲ್ಲನ್ನು ಬೆರೆಂಡನ ಚಾಪೆಯ ಪಕ್ಕಕ್ಕೆ ಒರಗಿಸುತ್ತಿರುವಾಗ, ಕಿತ್ತಳೆ ಟೋಪಿಯ ಒಬ್ಬ ಸಣಕಲು ಮುದುಕ ಬಂದು ಅದರ ಹ್ಯಾಂಡಲ್ಲನ್ನು ಕರುವಿನ ಮೈ ಸವರುವ ಹಾಗೆ ಸವರಿದ. ಅವನ ಹೆಂಡತಿ, ಭಾರಿ ಆಳು, ಅತ್ತ ಟೀ ಕೆಟಲಿಗೆ ಚೌಕಾಸಿ ಮಾಡುತ್ತಿದ್ದಳು.

"ಇದನ್ನ ಕೊಡ್ತೀರಾ ಸ್ವಾಮಿ?"

"ಇಲ್ಲ ಇಲ್ಲ, ಇದು ಮಾರಾಟಕ್ಕಲ್ಲ."

"ಇದರ ಮೇಲೆ ಕೂತ್ರೆ ರಸ್ತೆ ಕಾಣುತ್ತೆ, ಅಲ್ವಾ?" ಎಂದು ಮುದುಕ ಬಹಳ ಆಸೆಯಿಂದ ಕೇಳಿದ.

ರಸ್ತೆ ಕಾಣದ ಸೈಕಲ್ಲು ಯಾವುದಪ್ಪಾ ಎಂದು ಹಾರ್ಮೆನ್‌ಗೆ ವಿಚಿತ್ರವೆನಿಸಿತು. ಅಷ್ಟರಲ್ಲಿ ಮುದುಕಿ ಮತ್ತು ಬೆರೆಂಡ್ ಕೆಟಲಿನ ವ್ಯಾಪಾರ ಕುದುರಿಸಿ, ನಮ್ಮ ಕಡೆಯ ದನದ ಸಂತೆಯ ರೂಢಿಯ ಹಾಗೆ ಅಂಗೈಗೆ ಅಂಗೈ ಚಟ್ ಎಂದು ಹೊಡೆದುಕೊಂಡರು. "ಕೈ ಹೊಡೆದಾಯ್ತು. ಇನ್ನು ದೇವರು ಬಂದ್ರೂ ವಾಪಸ್ಸಿಲ್ಲ," ಅಂದ ಬೆರೆಂಡ್. ಮುದುಕ ಹಿಂದಿರುಗಿ ಹಿಂದಿರುಗಿ ಕರಿಯ ಸೈಕಲ್ಲನ್ನೇ ನೋಡುತ್ತಾ ಹೆಂಡತಿಯ ಹಿಂದೆ ಹೋದ.

ಬೆರೆಂಡನ ಸೈಕಲ್ಲಿನ ಮೋಟರನ್ನು ಅವನ ಅಳಿಯ ಬಿಚ್ಚಿ ಏನೋ ಕಿತಾಪತಿ ಮಾಡಿದ್ದ. ಅದನ್ನು ಬೆರೆಂಡ್ ಹೇಳಲಿಲ್ಲ. ಹಾರ್ಮೆನ್ ಪೆಡಲಿನ ಮೇಲೆ ಕಾಲಿಟ್ಟದ್ದೇ ತಡ, ಸೈಕಲ್ಲು ಹಗ್ಗ ಕಿತ್ತ ಹೋರಿಯ ಹಾಗೆ ನುಗ್ಗಿತು. ಎರಡು ಚಾಪೆಗಳ ಮೇಲೆ ಹಾಯಿತು, ಪಾದ್ರಿಯ ಹೆಂಡತಿ ಮಾರಲಿಟ್ಟ ಹೂಜಿಗಳ ನಡುವೆ ನುಸುಳಿತು, ಸೇತುವೆ ದಾಟಿತು, ಹೊಳೆಯ ದಂಡೆ ಹತ್ತಿತು. ಕಡಿಮೆ ಮಾಡುವ ಗುಂಡಿ ಯಾವುದೆಂದು ಹುಡುಕಿ ಒತ್ತಿದರೆ ದೀಪ ಹತ್ತಿತು. ಇನ್ನೊಂದು ಒತ್ತಿದರೆ ಇನ್ನೂ ಜೋರಾಯಿತು. ಕೊನೆಗೆ ದಂಡೆಯ ಮೇಲಿನ ಒಂಟಿಮನೆಯ ತ್ರೂಸ್ ಅಜ್ಜಿಯ ಬೇಲಿಗೆ ಆತು ನಿಂತ. ನಿಂತ ಎನ್ನುವುದಕ್ಕಿಂತ ಬೇಲಿ ಅವನನ್ನು ನಿಲ್ಲಿಸಿತು.

ಎಪ್ಪತ್ತೆರಡರ ತ್ರೂಸ್ ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಬಂದಳು. "ಏನಯ್ಯಾ ಇದು, ಕದ್ದ ಗಾಡಿನಾ?"

"ಬೆರೆಂಡನದು. ಪರೀಕ್ಷೆಗೆ. ನಾನೂ ಒಂದು ತಗೋಬೇಕು ಅಂತ..."

"ಇಂಥದ್ದು ತಗೊಂಡ್ರೆ ರೀಕಿ ನಿನ್ನ ಫೋಟೋ ಮುಂದೆ ಹೂವಿಡಬೇಕಾಗುತ್ತೆ. ನಿನ್ನ ಮಂಡೀಲಿ ಇಷ್ಟೆತ್ತರದ ಕಂಬಿ ದಾಟೋಕೆ ಆಗುತ್ತಾ? ನೋಡು ನನ್ನದು. ಕಾಲು ಎತ್ತೋದೇ ಬೇಡ, ಒಳಕ್ಕೆ ನಡೆದು ಹೋದ್ರೆ ಆಯ್ತು. ಮೋಟರು ಮುಂದಿನ ಚಕ್ರದಲ್ಲಿರ್ಬೇಕು. ಯಾಕಂದ್ರೆ ಎಳೆಯೋ ಎತ್ತು ಗಾಡಿ ಮುಂದಿರುತ್ತೆ, ಹಿಂದಿರಲ್ಲ."

"ಅದು ಹೆಂಗಸರ ಸೈಕಲ್ಲು ತ್ರೂಸಜ್ಜಿ."

"ಮಂಡಿಗೆ ಗಂಡು ಹೆಣ್ಣು ಅಂತ ಉಂಟಾ?"

ಅಜ್ಜಿ ಬೆರೆಂಡನ ಸೈಕಲ್ಲನ್ನು ತನ್ನ ಕೊಟ್ಟಿಗೆಗೆ ತಳ್ಳಿ, ತನ್ನದನ್ನು ಹೊರಗೆ ತಂದಳು. ಅದರ ಹ್ಯಾಂಡಲ್ಲಿಗೆ ಪ್ಲಾಸ್ಟಿಕ್ ಸೂರ್ಯಕಾಂತಿಯ ಹಾರ, ಮುಂದೆ ಬೆತ್ತದ ಬುಟ್ಟಿ, ಬುಟ್ಟಿಗೆ ಕುಚ್ಚು. "ಚೌಕದವರೆಗೆ ಹೋಗಿ ಬಾ. ಮಧ್ಯಾಹ್ನ ನನಗೆ ಬೇಕು." ಬೇಡ ಎನ್ನಲು ಹಾರ್ಮೆನ್ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಹೇಳಬೇಕೆಂದರೆ ಆ ಸೈಕಲ್ಲು ಹಿತವಾಗಿತ್ತು. ಮಂಡಿ ಒಂದು ಮಾತೂ ಆಡಲಿಲ್ಲ. ಆದರೆ ಊರ ಚೌಕದಲ್ಲಿ, ರಾಜನ ಹುಟ್ಟುಹಬ್ಬದ ದಿನ, ಸೇತುವೆಯ ಹಾರ್ಮೆನ್ ಸೂರ್ಯಕಾಂತಿ ಹಾರ ಹಾಕಿಕೊಂಡು ಬರುವುದನ್ನು ನೋಡದೆ ಉಳಿದದ್ದು ಚರ್ಚಿನ ಗೋಪುರದ ಮೇಲೆ ಗಾಳಿಯ ದಿಕ್ಕು ತೋರಿಸುವ ತಗಡಿನ ಹುಂಜ ಒಂದೇ. ಅದೂ ತಿರುಗಿ ನೋಡಿತು ಎಂದು ಅವನಿಗೆ ಅನುಮಾನ.

"ಹಾರ್ಮೆನ್ ಚಿಕ್ಕಪ್ಪ! ಯಾರ ಮದುವೆ?"

ಕೂಗಿದವಳು ಮೀನೆಕೆ, ವಿಲ್ಲೆಮೀನಳ ಮಗಳು, ಚೌಕದ ಬೇಕರಿಯವಳು. ಅವಳಿಗೆ ಹಾರ್ಮೆನ್ ಎಲ್ಲ ಹೇಳಬೇಕಾಯಿತು. ಹೇಳಿದ್ದನ್ನು ಅವಳು ಅರ್ಧ ಕೇಳಿ ತಲೆ ಕೊಡವಿದಳು.

"ಅಯ್ಯೋ ಚಿಕ್ಕಪ್ಪ, ಖಾಲಿ ಸೈಕಲ್ಲು ಎಲ್ಲವೂ ಚೆನ್ನಾಗಿ ಓಡ್ತವೆ. ಭಾರ ಹೇರಿ ಓಡಿಸಿದಾಗ್ಲೇ ಬಣ್ಣ ಬಯಲಾಗೋದು. ಪ್ರವಾಸ ಅಂದ್ಮೇಲೆ ಚೀಲ ಇರುತ್ತಲ್ಲ? ಬನ್ನಿ, ನನ್ನ ಪೆಟ್ಟಿಗೆ ಗಾಡಿ ಓಡಿಸಿ ನೋಡಿ. ಹ್ಯಾಗೂ ಆಟದ ಮೈದಾನಕ್ಕೆ ಕೇಕು ಹೋಗ್ಬೇಕು. ಬ್ಯಾಂಡಿನವರು ಹತ್ತೂವರೆಯಿಂದ ಕಾಯ್ತಿದ್ದಾರೆ."

ಊರಿಗೆ ಉಪಕಾರಿ ಆಗುವುದನ್ನು ತಪ್ಪಿಸಿಕೊಳ್ಳುವ ವಿದ್ಯೆ ಹಾರ್ಮೆನ್‌ಗೆ ಹುಟ್ಟಿನಿಂದಲೇ ಬರಲಿಲ್ಲ. ಮುಂದೆ ಎರಡು ಚಕ್ರದ ಮೇಲೆ ದೊಡ್ಡ ಮರದ ಪೆಟ್ಟಿಗೆ, ಹಿಂದೆ ಒಂದು ಚಕ್ರ. ಅದು ಮೀನೆಕೆಯ ಬ್ಯಾಟರಿ ಗಾಡಿ. ಪೆಟ್ಟಿಗೆಯೊಳಗೆ ಅರವತ್ತು ಕೇಕು, ಪ್ರತಿಯೊಂದರ ಹೊಟ್ಟೆಯಲ್ಲಿ ಬೆರಳುದ್ದ ಕೆನೆ, ತಲೆಯ ಮೇಲೆ ಕಿತ್ತಳೆ ಬಣ್ಣದ ಸಕ್ಕರೆ. ತ್ರೂಸಳ ಸೈಕಲ್ಲನ್ನು ಬೇಕರಿಯ ಹಿತ್ತಲಿಗೆ ತಳ್ಳಿದ್ದಾಯಿತು.

"ಬ್ಯಾಟರಿ ಒಂದೇ ಗೆರೆ ತೋರಿಸ್ತಿದೆಯಲ್ಲಮ್ಮ?"

"ರಾತ್ರಿಯೆಲ್ಲ ಒಲೆ ಮುಂದೆ ನಿಂತಿದ್ದೆ, ಚಾರ್ಜಿಗೆ ಹಾಕೋದು ಮರೆತೇ ಹೋಯ್ತು. ಒಂದು ಗೆರೆ ಧಾರಾಳ ಸಾಕು ಚಿಕ್ಕಪ್ಪ. ಎರಡೇ ಕಿಲೋಮೀಟರು."

ಎರಡೇ ಕಿಲೋಮೀಟರು, ನಿಜ. ಆದರೆ ದಂಡೆಯ ಮೇಲೆ, ಎದುರುಗಾಳಿಯಲ್ಲಿ. ನಮ್ಮ ನಾಡಿನಲ್ಲಿ ಬೆಟ್ಟವಿಲ್ಲವಲ್ಲ ಎಂದು ದೇವರು ಕರುಣೆಯಿಂದ ಗಾಳಿಯನ್ನು ಕೊಟ್ಟಿದ್ದಾನೆ. ಮುನ್ನೂರು ಮೀಟರು ಹೋಗುವಷ್ಟರಲ್ಲಿ ಆ ಒಂದು ಗೆರೆ ಎರಡು ಸಲ ಕಣ್ಣು ಮಿಟುಕಿಸಿ ಹೋಯಿತು. ಬ್ಯಾಟರಿ ಸತ್ತ ಪೆಟ್ಟಿಗೆ ಗಾಡಿ ಎಂದರೆ ಅದು ಸೈಕಲ್ಲಲ್ಲ, ಮನೆಸಾಮಾನು. ಹಾರ್ಮೆನ್ ಇಳಿದು ತಳ್ಳತೊಡಗಿದ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದು ಹಿರಿಯರು ಅಂದದ್ದನ್ನು ಅವತ್ತು ಅವನು ಅಕ್ಷರಶಃ ಮಾಡಿದ. ದಂಡೆಯ ಇಳಿಜಾರಿಗೆ ಗಾಡಿ ವಾಲಿದಾಗಲೆಲ್ಲ ಒಳಗೆ ಅರವತ್ತು ಕೇಕು ಒಂದೇ ಸಲಕ್ಕೆ ಎಡಕ್ಕೆ ಹೋದವು. ಸರಿಪಡಿಸಲು ಎತ್ತಿದರೆ ಬಲಕ್ಕೆ ಬಂದವು.

ದಾರಿಯಲ್ಲಿ ಸಿಕ್ಕವರಲ್ಲಿ ಯಾರೂ ಕೈಹಚ್ಚಲಿಲ್ಲ. ಸಲಹೆ ಮಾತ್ರ ಕೊಟ್ಟರು. "ಹಾರ್ಮೆನ್, ಇಂಥದನ್ನ ತಗೊಳ್ಳೋ ಯೋಚನೆ ಇದ್ರೆ ಬೇಡಪ್ಪ, ಭಾರ ಜಾಸ್ತಿ," ಅಂದನೊಬ್ಬ. "ಸೀಟು ಸ್ವಲ್ಪ ಮೇಲೆ ಮಾಡ್ಕೋ," ಅಂದಳೊಬ್ಬಳು, ಅವನು ಸೀಟಿನ ಮೇಲೆ ಇಲ್ಲವೇ ಇಲ್ಲ ಎನ್ನುವುದನ್ನು ಗಮನಿಸದೆ.

ಮೈದಾನ ಸೇರಿದಾಗ ಗಂಟೆ ಎರಡಾಗಿತ್ತು. ಬ್ಯಾಂಡಿನವರು ಹಸಿವಿನಿಂದ ಊದುವುದನ್ನೇ ನಿಲ್ಲಿಸಿ ಹುಲ್ಲಿನ ಮೇಲೆ ಕೂತಿದ್ದರು. ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಕೇಕು ಎನ್ನುವ ಜಾತಿಯೇ ಇರಲಿಲ್ಲ. ಬಿಳಿ ಕೆನೆಯ ಕೆಸರಿನಲ್ಲಿ ಕಿತ್ತಳೆ ಸಕ್ಕರೆಯ ಚೂರುಗಳು ತೇಲುತ್ತಿದ್ದವು.

ದೊಡ್ಡ ತುತ್ತೂರಿಯವನು ಬಹಳ ಹೊತ್ತು ಒಳಗೆ ನೋಡಿ ಕೇಳಿದ: "ಇದನ್ನ ಹೇಗೆ ತಿನ್ನೋದು?"

"ಚಮಚದಲ್ಲಿ," ಅಂದ ಹಾರ್ಮೆನ್. ಅವನಿಗೆ ಕ್ಷಮೆ ಕೇಳುವಷ್ಟೂ ತ್ರಾಣ ಉಳಿದಿರಲಿಲ್ಲ.

ಚಮಚಗಳನ್ನು ಹುಡುಕಿ, ಬ್ಯಾಂಡಿನವರಿಗೆ ಬಡಿಸಿ, ಪೆಟ್ಟಿಗೆ ತೊಳೆದು, ಖಾಲಿ ಗಾಡಿ ತಳ್ಳಿಕೊಂಡು ಅವನು ವಾಪಸು ಹೊರಟಾಗ ಮೂರೂವರೆ. ಬರುವಾಗ ಎದುರಿಗಿದ್ದ ಗಾಳಿ ಈಗ ಬೆನ್ನಿಗೆ ಬರಬೇಕಿತ್ತು, ನ್ಯಾಯವಾಗಿ. ಅದು ತಿರುಗಿಕೊಂಡಿತ್ತು. ಹಾರ್ಮೆನ್ ಆಶ್ಚರ್ಯಪಡಲಿಲ್ಲ. ಅರವತ್ತೊಂದು ವರ್ಷದಿಂದ ಅವನಿಗೆ ಈ ಗಾಳಿಯ ಪರಿಚಯವಿತ್ತು.

ಆ ದಂಡೆಯ ಮೇಲೆ, ನಂಬರು ಹದಿನೇಳರ ಕಂಬದ ಹತ್ತಿರ, ಅವನು ಗಾಡಿ ನಿಲ್ಲಿಸಿ ಹುಲ್ಲಿನ ಮೇಲೆ ಕುಸಿದು ಕೂತ. ಕಂಬದ ಬುಡದಲ್ಲಿ ಒಂದು ಒಣಗಿದ ಸೇಬಿನ ದಿಂಡು ಬಿದ್ದಿತ್ತು. ರೀಕಿಯದೇ ಇರಬೇಕು, ಕಳೆದ ಭಾನುವಾರದ್ದು. ಅದನ್ನು ನೋಡುತ್ತಾ ಕೂತವನಿಗೆ ಎಂಟು ತಿಂಗಳಲ್ಲಿ ನೋಟುಬುಕ್ಕಿಗೆ ಹೊಳೆಯದ ಮಾತು ಹೊಳೆಯಿತು. ಮೋಟರು ಎಲ್ಲಿದ್ದರೇನು? ಬೆಲ್ಟಾದರೇನು, ಚೈನಾದರೇನು? ತನಗೆ ಬೇಕಾದದ್ದು ರೀಕಿಯ ಪಕ್ಕದಲ್ಲಿ ಓಡುವ ಸೈಕಲ್ಲು. ರೀಕಿಯ ಪಕ್ಕದಲ್ಲಿ ಸರಿಯಾಗಿ ಓಡುವ ಸೈಕಲ್ಲು ಯಾವುದು? ರೀಕಿಯದರಂಥದ್ದೇ! ಅದೇ ಮೋಟರು, ಅದೇ ಬ್ಯಾಟರಿ, ಅದೇ ವೇಗ. ಅವಳು ತುಳಿದಷ್ಟೇ ಇವನೂ ತುಳಿದರೆ ಮುಖಕ್ಕೆ ಮುಖ ಸಿಕ್ಕೇ ಸಿಗುತ್ತದೆ. ಹೆಸರನ್ನು ಹುಡುಕಬೇಕಾಗಿಯೇ ಇರಲಿಲ್ಲ. ಅದು ಎರಡು ವರ್ಷದಿಂದ ತಮ್ಮ ಕೊಟ್ಟಿಗೆಯಲ್ಲೇ ನಿಂತಿತ್ತು.

"ಥೂ ನನ್ನ ದಡ್ಡತನಕ್ಕೆ!" ಎಂದು ಹಾರ್ಮೆನ್ ಜೋರಾಗಿಯೇ ಅಂದ. ಹತ್ತಿರದಲ್ಲಿ ಮೇಯುತ್ತಿದ್ದ ಕುರಿಯೊಂದು ತಲೆಯೆತ್ತಿ ನೋಡಿತು. ಅವನಿಗೆ ಖುಷಿಯಿಂದ ಅಳು ಬರುವ ಹಾಗಾಯಿತು, ಆದರೆ ಕುರಿಯ ಎದುರಿಗೆ ತಡೆದುಕೊಂಡ. ಇನ್ನು ಮಾಡಬೇಕಾದದ್ದು ಒಂದೇ. ಆರು ಗಂಟೆಯೊಳಗೆ ಮನೆ ಸೇರಿ ಆ ಹೆಸರು ಹೇಳುವುದು. ಫೋನು ಮಾಡೋಣವೆಂದರೆ ಅದು ಅಡುಗೆಮನೆಯಲ್ಲಿ ನೋಟುಬುಕ್ಕಿನ ಮೇಲೆ ಕೂತಿತ್ತು.

ಬೇಕರಿಗೆ ಬಂದರೆ ಬಾಗಿಲಿಗೆ ಬೀಗ. ಹಬ್ಬದ ದಿನ ಮೂರಕ್ಕೆ ಮುಚ್ಚುತ್ತಾರೆ. ಹಿತ್ತಲ ಗೇಟಿಗೂ ಬೀಗ. ಗೇಟಿನ ಸಂದಿಯಿಂದ ತ್ರೂಸಜ್ಜಿಯ ಸೂರ್ಯಕಾಂತಿಗಳು ಒಳಗಿನಿಂದ ಇವನನ್ನೇ ನೋಡುತ್ತಿದ್ದವು. ಪೆಟ್ಟಿಗೆ ಗಾಡಿಯನ್ನು ಬಾಗಿಲಿಗೆ ಆನಿಸಿ, ಹಾರ್ಮೆನ್ ನಡೆದುಕೊಂಡೇ ತ್ರೂಸಳ ಮನೆಗೆ ಹೊರಟ. ಕಡೇ ಪಕ್ಷ ಬೆರೆಂಡನ ಹೋರಿ ಅಲ್ಲಿದೆಯಲ್ಲ, ಅದನ್ನೇರಿದರೆ ಐದು ನಿಮಿಷದಲ್ಲಿ ಮನೆ.

ತ್ರೂಸಳ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: "ಹಾರ್ಮೆನ್, ಮಧ್ಯಾಹ್ನ ಬೇಕು ಅಂದಿದ್ದೆ. ನೀನು ಬರಲಿಲ್ಲ. ಬೆರೆಂಡನ ಸೈಕಲ್ಲು ಹತ್ತಿಕೊಂಡು ನಿನ್ನ ಮನೆಗೇ ಹೋಗುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟಿದೆ. ಗೇಟು ಹಾಕಿಕೊಂಡು ಹೋಗು, ಕೋಳಿ ಹೊರಗೆ ಬರುತ್ತೆ. ತ್ರೂಸ್."

ಎಪ್ಪತ್ತೆರಡರ ಮುದುಕಿ ಆ ಗಾಡಿಯ ಮೇಲೆ! ಹಾರ್ಮೆನ್ ಗೇಟು ಹಾಕಿ ಹೊರಟ. ದಾರಿಯುದ್ದಕ್ಕೂ ಕಾಲುವೆಗೆ ಇಣುಕಿ ನೋಡುತ್ತಾ ಬಂದ. ಎಲ್ಲೂ ಮುದುಕಿ ಬಿದ್ದ ಕುರುಹು ಕಾಣಲಿಲ್ಲ. ಒಂದು ಕಾಲು ಊದಿಕೊಂಡಿತ್ತು, ಇನ್ನೊಂದು ಅದನ್ನು ನೋಡಿ ಹೆದರಿಕೊಂಡಿತ್ತು. ಆರಕ್ಕೆ ಹನ್ನೆರಡು ನಿಮಿಷ ಇರುವಾಗ ಸೇತುವೆ ಕಣ್ಣಿಗೆ ಬಿತ್ತು. ಆಚೆ ದಡದಲ್ಲಿ ತಮ್ಮ ಮನೆಯ ಹೆಂಚೂ ಕಾಣುತ್ತಿತ್ತು. ಗೆದ್ದೆ ಅಂದುಕೊಂಡ.

ಟಣ್ ಟಣ್ ಟಣ್. ಕೆಂಪು ದೀಪ. ಅಡ್ಡಗಂಬಿ ಅವನ ಮೂಗಿನ ಮುಂದೆಯೇ ಇಳಿಯಿತು. ಮೂವತ್ತೊಂದು ವರ್ಷ ಅವನೇ ಎತ್ತಿ ಇಳಿಸಿದ ಸೇತುವೆ, ಅವನ ಕಣ್ಣೆದುರಿಗೆ ನಿಧಾನವಾಗಿ ಮೇಲೆದ್ದು ನಿಂತಿತು.

ದೂರದಲ್ಲಿ ಒಂದೇ ಒಂದು ಹಾಯಿದೋಣಿ. ಅದರಲ್ಲಿ ಕಿತ್ತಳೆ ಟೋಪಿ ಹಾಕಿಕೊಂಡ ಯಾರೋ ಪರವೂರಿನ ಗಂಡಹೆಂಡತಿ ವೈನು ಕುಡಿಯುತ್ತಾ, ದಾಟೋಣವೋ ಬೇಡವೋ ಎಂದು ಮಾತಾಡಿಕೊಳ್ಳುತ್ತಾ ಬರುತ್ತಿದ್ದರು.

"ಅಯ್ಯಾ, ಅದು ಇನ್ನೂ ಅರ್ಧ ಕಿಲೋಮೀಟರು ದೂರ ಇದೆ! ನಾನಾಗಿದ್ರೆ ಇಷ್ಟು ಬೇಗ ಎತ್ತುತ್ತಿದ್ನಾ?" ಎಂದು ಹಾರ್ಮೆನ್ ತಾನು ಕೂರುತ್ತಿದ್ದ ಸೇತುವೆಯ ಗೂಡಿನ ಕಡೆ ತಿರುಗಿ ಕೂಗಿದ. ಗೂಡಿನೊಳಗೆ ಯಾರೂ ಇರಲಿಲ್ಲ. ಕಂಬದ ಮೇಲಿನ ಕ್ಯಾಮೆರಾ ಅವನ ಕಡೆ ಸ್ವಲ್ಪ ತಿರುಗಿ ಸುಮ್ಮನಾಯಿತು. ಮೂವತ್ತೊಂದು ವರ್ಷದಲ್ಲಿ ಈ ಕಂಬಿಯ ಹಿಂದೆ ನಿಂತು ತನ್ನನ್ನು ಬೈದುಕೊಂಡವರೆಲ್ಲ ಅವನ ನೆನಪಿಗೆ ಬಂದರು. ಒಬ್ಬೊಬ್ಬರಿಗೂ ಮನಸ್ಸಿನಲ್ಲೇ ಕ್ಷಮೆ ಕೇಳಿದ. ಚರ್ಚಿನ ಗಂಟೆ ಆರು ಹೊಡೆಯಿತು. ದೋಣಿ ದಾಟಿ, ಸೇತುವೆ ಇಳಿದು, ಕಂಬಿ ಏಳುವಾಗ ಆರೂ ಎಂಟು.

ಹಣ್ಣುಗಾಯಿ ನೀರುಗಾಯಿಯಾಗಿ ಬೀದಿಗೆ ಬಂದರೆ ಚಾಪೆಗಳೆಲ್ಲ ಎದ್ದಿದ್ದವು. ಬೆರೆಂಡ್ ಏಳು ಗಡಿಯಾರವನ್ನೂ ಮಾರದೆ ಪೆಟ್ಟಿಗೆಗೆ ತುಂಬುತ್ತಿದ್ದ. ಅವನ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು, ಒಂದು ಗೀರೂ ಇಲ್ಲದೆ.

"ತ್ರೂಸಜ್ಜಿ?" ಎಂದ ಹಾರ್ಮೆನ್ ಗಾಬರಿಯಿಂದ.

"ನಿಮ್ಮ ಹಿತ್ತಲಲ್ಲೇ ಇದ್ದಾಳೆ. ನಾನೂ ಇಂಥದ್ದೇ ಒಂದು ತಗೋತೀನಿ ಅಂತ ಕುಣೀತಿದಾಳೆ."

"ಮತ್ತೆ ನನ್ನ ಸೈಕಲ್ಲು? ಇಲ್ಲೇ ಒರಗಿಸಿದ್ದೆನಲ್ಲ?"

"ರೀಕಿ ಬಂದು ತಗೊಂಡು ಹೋದಳು. ಇನ್ಮೇಲೆ ಹಾರ್ಮೆನ್‌ಗೆ ಇದು ಬೇಡ ಅಂದಳು."

ಹಾರ್ಮೆನ್‌ನ ಊದಿದ ಕಾಲೂ ಹಗುರಾಯಿತು. ಮೂವತ್ತೇಳು ವರ್ಷದ ಸಂಸಾರ ಎಂದರೆ ಸುಮ್ಮನೆಯೇ? ತಾನು ಬಾಯಿಬಿಡುವ ಮೊದಲೇ ಅವಳಿಗೆ ತಿಳಿದುಹೋಗಿದೆ! ತನಗೂ ಅವಳದರಂಥದ್ದೇ ಬೇಕು ಅನ್ನುವುದು ಅವಳಿಗೂ ಹೊಳೆದಿದೆ. ಅವನು ಕುಂಟುತ್ತಲೇ ಹಿತ್ತಲಿಗೆ ಓಡಿದ.

ಹಿತ್ತಲಲ್ಲಿ ಕುರ್ಚಿಗಳನ್ನು ವೃತ್ತಕ್ಕೆ ಹಾಕಿಕೊಂಡು ತ್ರೂಸ್, ಮೀನೆಕೆ, ವಿಲ್ಲೆಮೀನ್ ಕೂತಿದ್ದರು. ಎಲ್ಲರ ಕೈಯಲ್ಲೂ ಕಾಫಿ, ಕಾಫಿಯ ಜೊತೆ ಲೆಕ್ಕದಂತೆ ಒಂದೊಂದೇ ಬಿಸ್ಕತ್ತು. ಇವನನ್ನು ಕಂಡದ್ದೇ ಮೂವರೂ ಎದ್ದು ಬಂದು ಕೈಕುಲುಕಿದರು.

"ಅಭಿನಂದನೆ ಹಾರ್ಮೆನ್!"

"ಅಭಿನಂದನೆ ಚಿಕ್ಕಪ್ಪ!"

"ಯಾತಕ್ಕೆ?"

ರೀಕಿ ನಡುವಿನಿಂದ ಸರಿದು ನಿಂತಳು. ಅವಳ ಹಿಂದೆ, ಕಿತ್ತಳೆ ರಿಬ್ಬನ್ನು ಕಟ್ಟಿಸಿಕೊಂಡು, ಒಂದು ಉದ್ದನೆಯ ಸೈಕಲ್ಲು ಒರಗಿತ್ತು. ಎಷ್ಟು ಉದ್ದ ಎಂದರೆ ಹಾರ್ಮೆನ್‌ನ ಕಣ್ಣು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಹೊತ್ತು ಹಿಡಿಯಿತು. ಚಕ್ರ ಎರಡು, ಮೋಟರು ಒಂದು, ಬ್ಯಾಟರಿ ಒಂದು. ಸೀಟು ಮಾತ್ರ ಎರಡು, ಒಂದರ ಹಿಂದೆ ಒಂದು.

"ಆರು ಗಂಟೆವರೆಗೂ ಕಾದೆ ಹಾರ್ಮೆನ್," ಅಂದಳು ರೀಕಿ. "ಆಲೂಗಡ್ಡೆ ಟೇಬಲ್ ಮೇಲೆ ಇಟ್ಟು ಕಾದೆ. ಆರೂ ಐದಕ್ಕೆ ಕೈ ಹೊಡೆದೆ. ಬೆಳಿಗ್ಗೆ ಬಂದಿದ್ರಲ್ಲ, ಆ ಮುದುಕ ಮುದುಕಿ, ನಿನ್ನ ಸೈಕಲ್ಲು ಕೇಳ್ಕೊಂಡು ಮತ್ತೆ ಬಂದಿದ್ರು. ಅವರದು ಇದು. ಹನ್ನೊಂದು ವರ್ಷದಿಂದ ಅವಳು ಮುಂದೆ, ಅವನು ಹಿಂದೆ. ಇನ್ನು ಬೇರೆ ಬೇರೆ ಸೈಕಲ್ಲೇ ಬೇಕು ಅಂತ ಹಟ ಹಿಡಿದಿದ್ದನಂತೆ. ನನ್ನದು ಅವಳಿಗೆ ಕೊಟ್ಟೆ, ನಿನ್ನದು ಅವನಿಗೆ. ನಿನ್ನ ಆ ತುಕ್ಕು ಗಾಡೀನ ತಬ್ಬಿಕೊಂಡುಬಿಟ್ಟ ಕಣೋ! ಕಣ್ಣಲ್ಲಿ ನೀರು ಹಾಕ್ಕೊಂಡ! ಈಗಷ್ಟೇ ಹೊರಟುಹೋದ್ರು."

ರಸ್ತೆ ಕಾಣುತ್ತೆ, ಅಲ್ವಾ? ಎಂದು ಆ ಮುದುಕ ಕೇಳಿದ್ದು ಹಾರ್ಮೆನ್‌ಗೆ ಆಗ ಅರ್ಥವಾಯಿತು.

"ವಿಲ್ಲೆಮೀನ್ ಜೊತೆ ಹೋಗ್ತೀನಿ ಅಂದಿದ್ದೆಯಲ್ಲ ನೀನು?" ಅಂದ, ಒಣಗಿದ ದನಿಯಲ್ಲಿ.

"ಬಾಯಿ ಮಾತಿಗೆ ಅಂದೆ. ನಿನ್ನ ಬಿಟ್ಟು ಹೋಗ್ತೀನಾ?" ರೀಕಿ ಕೈಯಲ್ಲಿದ್ದ ಬಟ್ಟೆಯಿಂದ ಸೀಟು ಒರೆಸಿದಳು. ಅವಳು ಇಂಥ ಮಾತು ಆಡುವುದು ಅಪರೂಪ, ಆಡುವಾಗ ಏನನ್ನಾದರೂ ಒರೆಸುತ್ತಿರಬೇಕು. "ಆ ನಂಬರು ಕಂಬಗಳ ಹತ್ತಿರ ಒಬ್ಬಳೇ ನಿಂತ್ಕೊಂಡು ಎರಡು ವರ್ಷ ಸೇಬು ತಿಂದಿದ್ದೀನಿ. ಸಾಕಾಗಿದೆ ನನಗೆ. ಇನ್ಮೇಲೆ ನೀನು ಹಿಂದೆ ಬೀಳೋ ಪ್ರಶ್ನೆನೇ ಇಲ್ಲ."

ಹಾರ್ಮೆನ್ ಈಗ ಬೈಯುವಂತಿಲ್ಲ, ಬೇಡವೆನ್ನುವಂತಿಲ್ಲ. ಕೈ ಹೊಡೆದಾದ ಮೇಲೆ ದೇವರು ಬಂದರೂ ವಾಪಸ್ಸಿಲ್ಲ.

"ಅದಿರಲಿ, ನೀನು ಯಾವುದು ಆರಿಸಿದೆ?" ಎಂದು ತ್ರೂಸ್ ಕೇಳಿದಳು. "ನನ್ನದರ ಹಾಗೆ, ಮೋಟರು ಮುಂದೆ ಇರೋದು ತಾನೆ?"

ಎಲ್ಲರೂ ಅವನನ್ನೇ ನೋಡಿದರು. ಬೆರೆಂಡನೂ ಬೇಲಿಯ ಮೇಲಿಂದ ಕತ್ತು ಚಾಚಿದ.

"ರೀಕಿಯದರಂಥದ್ದೇ," ಅಂದ ಹಾರ್ಮೆನ್. "ಪಕ್ಕದಲ್ಲಿ ಹೋಗೋಣ ಅಂತ."

ರೀಕಿಯ ಕೈಯ ಬಟ್ಟೆ ನಿಂತಿತು. "ಅಯ್ಯೋ ಮಾರಾಯ," ಅಂದಳು ಮೆಲ್ಲಗೆ, "ಅದನ್ನ ಹೇಳೋಕೆ ಎಂಟು ತಿಂಗಳು ಬೇಕಾಯ್ತಾ? ಬೆಳಿಗ್ಗೆ ಹೇಳಿದ್ರೂ ಆಗ್ತಿತ್ತಲ್ಲೋ." ಆಮೇಲೆ ಮೂಗೆಳೆದುಕೊಂಡು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು. "ಆದದ್ದಾಯ್ತು. ಹತ್ತು. ಆಲೂಗಡ್ಡೆ ಹ್ಯಾಗೂ ತಣ್ಣಗಾಗಿದೆ, ಸೇತುವೆವರೆಗೆ ಒಂದು ಸುತ್ತು ಹಾಕೋಣ."

"ಮುಂದೆ ಯಾರು ಕೂರೋದು?"

"ಇದೇನು ಪ್ರಶ್ನೆ? ದಾರಿ ನಂಬರೆಲ್ಲ ಗೊತ್ತಿರೋದು ನನಗೆ. ನಿನಗೇ ಒಳ್ಳೇದು ನೋಡು, ಹಿಂದಿನ ಸೀಟಿಗೆ ಗೇರಿಲ್ಲ, ಬ್ರೇಕಿಲ್ಲ, ಬೆಲ್ಲೂ ಇಲ್ಲ. ಆರಿಸೋ ತಲೆನೋವೇ ಇಲ್ಲ."

ಕೂತು ಎರಡು ನಿಮಿಷ ದಣಿವಾರಿಸಿಕೊಳ್ಳುತ್ತೇನೆ ಎಂದು ಹೇಳಲು ಹಾರ್ಮೆನ್ ಬಾಯಿ ತೆರೆದ. ಅಷ್ಟರಲ್ಲಿ ಬೆರೆಂಡ್ ಬೇಲಿ ದಾಟಿ ಬಂದು ಒಂದು ಕಡೆಯಿಂದ, ಮೀನೆಕೆ ಇನ್ನೊಂದು ಕಡೆಯಿಂದ ಎತ್ತಿ ಅವನನ್ನು ಹಿಂದಿನ ಸೀಟಿನ ಮೇಲೆ ಕೂರಿಸಿದರು. ಪೆಡಲುಗಳೆರಡೂ ಒಂದೇ ಚೈನಿಗೆ ಕಟ್ಟಿದ್ದವು. ರೀಕಿ ತುಳಿದರೆ ಇವನ ಊದಿದ ಕಾಲೂ ತಿರುಗಲೇಬೇಕು, ನಿಲ್ಲಿಸುವ ಹಕ್ಕು ಅದಕ್ಕಿರಲಿಲ್ಲ. ಬೀದಿಯ ಜನ ಚಪ್ಪಾಳೆ ಹೊಡೆದರು.

ಸೈಕಲ್ಲು ಕಾಲುವೆಯ ಪಕ್ಕ ಹಗುರವಾಗಿ ಸಾಗಿತು. ಹಾರ್ಮೆನ್ ಮುಂದೆ ನೋಡಿದ. ನೀಲಿ ಮಳೆಯಂಗಿ. ಕತ್ತಿನ ಹತ್ತಿರ ಅಂಗಡಿಯ ಚೀಟಿ ಹೊರಗೆ ಬಂದಿತ್ತು. ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಇನ್ನೂರು ಮೀಟರು ದೂರದಿಂದ ಇದಾವುದೂ ಕಾಣುತ್ತಿರಲಿಲ್ಲ. ಎಡಕ್ಕೆ ಬಗ್ಗಿದರೆ ಸೈಕಲ್ಲು ಎಡಕ್ಕೆ ವಾಲಿತು. "ನೆಟ್ಟಗೆ ಕೂತ್ಕೋ!" ಎಂದು ರೀಕಿ ಮುಂದೆ ನೋಡಿಕೊಂಡೇ ಗದರಿದಳು. ಅವಳು ಆಮೇಲೆ ಏನೇನೋ ಹೇಳುತ್ತಲೇ ಹೋದಳು, ಅಕ್ಕರೆಯ ಮಾತೇ ಇರಬೇಕು. ಗಾಳಿ ಅದನ್ನೆಲ್ಲ ಹೊಲದ ಕಡೆಗೆ ಒಯ್ದಿತು.

ಸೇತುವೆಯ ಹತ್ತಿರ ಕೆಂಪು ದೀಪ ಬಿತ್ತು. ರೀಕಿ ಒಂದು ಕಾಲು ಊರಿ ನಿಂತು, ಎದುರಿನ ಹೊಳೆ, ದಂಡೆ, ಮುಳುಗುವ ಸೂರ್ಯ ಎಲ್ಲವನ್ನೂ ಕಣ್ತುಂಬ ನೋಡಿದಳು.

"ಹಾರ್ಮೆನ್, ಹೇಗಿದೆ ನೋಟ?"

"ಮೊದಲಿನ ಹಾಗೇ ಇದೆ," ಅಂದ ಹಾರ್ಮೆನ್. "ಹತ್ತಿರದಿಂದ ಕಾಣುತ್ತೆ, ಅಷ್ಟೇ."